ಶಂಕರಘಟ್ಟಕ್ಕೊಂದು ಧ್ಯೇಯವಾಕ್ಯ: ಗೋಡೆಯ ಫಲಕದಿಂದ ಆಯವ್ಯಯದ ಪುಟದವರೆಗೆ

ರಾಜ್ಯದ ಬಹುತೇಕ ಕಾಲೇಜುಗಳಲ್ಲಿ ಪ್ರಾಂಶುಪಾಲರ ಕೊಠಡಿಯ ಹೊರಗೆ ಇಂದು ಎರಡು ಫಲಕಗಳು ತೂಗುತ್ತಿರುತ್ತವೆ. ಒಂದರಲ್ಲಿ ಸಂಸ್ಥೆಯ ‘ದರ್ಶನ’, ಮತ್ತೊಂದರಲ್ಲಿ ‘ಧ್ಯೇಯ’. ಗುಣಮಟ್ಟ, ಮೌಲ್ಯ, ಜಾಗತಿಕ ಸ್ಪರ್ಧೆ, ಸರ್ವತೋಮುಖ ಬೆಳವಣಿಗೆ ಎಂಬ ಪದಗಳಿಲ್ಲದ ಫಲಕ ಅಪರೂಪ. ಮೇಲಿನ ಹೆಸರನ್ನು ಮುಚ್ಚಿ ಓದಿದರೆ ಅದು ಬೀದರಿನ ಸಂಸ್ಥೆಯದೋ ಭದ್ರಾವತಿಯದೋ ಹೇಳಲಾಗದು. ನ್ಯಾಕ್ ತಂಡ ಬರುವ ವರ್ಷ ಹೊಸ ಬಣ್ಣ ಬಳಿಸಿಕೊಂಡು ಹೊಳೆಯುವ ಈ ಫಲಕಗಳನ್ನು ವಿದ್ಯಾರ್ಥಿಗಳು ನಿಂತು ಓದುವುದು ಕಡಿಮೆ.

ಹಾಗೆಂದು, ವಿಶ್ವವಿದ್ಯಾಲಯವೊಂದು ತಾನು ಯಾರಿಗಾಗಿ, ಏತಕ್ಕಾಗಿ ಇದೆ ಎಂಬುದನ್ನು ಬರಹಕ್ಕೆ ಇಳಿಸುವ ಕೆಲಸ ಹಗುರವಾದುದಲ್ಲ. ಸರಿಯಾಗಿ ಬರೆದ ಧ್ಯೇಯವಾಕ್ಯ ಮುಂದಿನ ಹತ್ತು ವರ್ಷಗಳಲ್ಲಿ ಯಾವ ವಿಭಾಗಕ್ಕೆ ಹುದ್ದೆ, ಯಾವುದಕ್ಕೆ ಕಟ್ಟಡ, ಯಾವ ಕೋರ್ಸಿಗೆ ವಿದಾಯ ಎಂಬುದನ್ನು ತೀರ್ಮಾನಿಸುತ್ತದೆ. ಶಿವಮೊಗ್ಗ, ಭದ್ರಾವತಿಗಳ ಜನ ಈ ಮಾತನ್ನು ಪರೀಕ್ಷಿಸಿ ನೋಡಲು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಕಾಡಿನ ಅಂಚಿನಲ್ಲಿ ಕುವೆಂಪು ವಿಶ್ವವಿದ್ಯಾಲಯದ ‘ಜ್ಞಾನಸಹ್ಯಾದ್ರಿ’ ಆವರಣವಿದೆ.

ದರ್ಶನ, ಧ್ಯೇಯ, ಯೋಜನೆ

ಮೂರು ಪದಗಳನ್ನು ಮೊದಲು ಬಿಡಿಸಿಕೊಳ್ಳುವುದು ಒಳ್ಳೆಯದು. ಸಂಸ್ಥೆ ಮುಂದೊಂದು ದಿನ ಏನಾಗಬೇಕೆಂದು ಬಯಸುತ್ತದೆಯೋ ಅದು ದರ್ಶನ. ಇಂದು ಅದು ಯಾರಿಗಾಗಿ ಯಾವ ಕೆಲಸ ಮಾಡುತ್ತಿದೆ ಎಂಬುದು ಧ್ಯೇಯ. ಆ ಕೆಲಸವನ್ನು ಇಂತಿಷ್ಟು ವರ್ಷಗಳಲ್ಲಿ, ಇಂತಿಷ್ಟು ಹಣದಲ್ಲಿ, ಇಂಥವರ ಹೊಣೆಯಲ್ಲಿ ಮಾಡಿ ಮುಗಿಸುವ ಕ್ರಮವೇ ಕಾರ್ಯತಂತ್ರ ಯೋಜನೆ. ಮೊದಲಿನ ಎರಡನ್ನು ಒಂದು ಸಂಜೆಯ ಸಭೆಯಲ್ಲಿ ಬರೆದು ಮುಗಿಸಬಹುದು, ಬಹಳ ಕಡೆ ಹಾಗೆಯೇ ಮುಗಿಸಲಾಗಿದೆ. ಮೂರನೆಯದು ಆಯವ್ಯಯದ ಪುಟಕ್ಕೆ ಬಂದು ನಿಲ್ಲುವುದರಿಂದ ಅಲ್ಲಿ ಜಗಳ ಶುರುವಾಗುತ್ತದೆ. ಜಗಳವೇ ಹುಟ್ಟದ ಯೋಜನೆಯನ್ನು ಯಾರೂ ಗಂಭೀರವಾಗಿ ಓದಿಲ್ಲವೆಂದೇ ತಿಳಿಯಬೇಕು.

ಧ್ಯೇಯವನ್ನು ಬರೆದಿಡುವ ಪದ್ಧತಿ ವಿಶ್ವವಿದ್ಯಾಲಯಗಳಿಗೆ ಬಂದದ್ದು ವ್ಯಾಪಾರ ಸಂಸ್ಥೆಗಳ ಆಡಳಿತಶಾಸ್ತ್ರದಿಂದ, ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಅಮೆರಿಕದ ಮೂಲಕ. ಆದರೆ ಧ್ಯೇಯದ ಕಲ್ಪನೆ ಅದಕ್ಕಿಂತ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ತನ್ನ ಕೆಲಸ ಆವರಣದ ಗೋಡೆಗೆ ನಿಲ್ಲದೆ ರಾಜ್ಯದ ಪ್ರತಿಯೊಂದು ಮನೆಗೂ ಮುಟ್ಟಬೇಕೆಂದು ನಿರ್ಧರಿಸಿತ್ತು. ಹೈನುಗಾರಿಕೆಯಿಂದ ಹಿಡಿದು ಶಾಸನ ರಚನೆಯವರೆಗೆ ಅಲ್ಲಿನ ಪ್ರಾಧ್ಯಾಪಕರು ನೆರವಾದರು. ನಮ್ಮಲ್ಲಿಯೂ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಯಾವ ಫಲಕವನ್ನೂ ತೂಗುಹಾಕಿರಲಿಕ್ಕಿಲ್ಲ. ಆದರೆ ಸಂಸ್ಥಾನಕ್ಕೆ ಬೇಕಾದ ವಿದ್ಯಾವಂತರು ಸಂಸ್ಥಾನದಲ್ಲಿಯೇ ಸಿದ್ಧರಾಗಬೇಕೆಂಬ ಉದ್ದೇಶ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ದಿವಾನ ವಿಶ್ವೇಶ್ವರಯ್ಯನವರಿಗೂ ಸ್ಪಷ್ಟವಾಗಿತ್ತು.

ಕಿರಿದಾಗುತ್ತ ಬಂದ ಎಲ್ಲೆ

ಕುವೆಂಪು ವಿಶ್ವವಿದ್ಯಾಲಯದ ಮೂಲ ಮೈಸೂರು ವಿಶ್ವವಿದ್ಯಾಲಯದ ಬಿ.ಆರ್. ಪ್ರಾಜೆಕ್ಟಿನ ಸ್ನಾತಕೋತ್ತರ ಕೇಂದ್ರ. 1987ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಮೊದಲ ಕುಲಪತಿ ‘ಮುಕ್ತಿ’, ‘ಓಂ ಣಮೋ’ ಕಾದಂಬರಿಗಳ ಕರ್ತೃ ಶಾಂತಿನಾಥ ದೇಸಾಯಿ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕವಿಯ ಹೆಸರು, ಮಲೆನಾಡಿನ ನೆಲ, ಕಾದಂಬರಿಕಾರ ಕುಲಪತಿ: ಇಂಥ ಆರಂಭವನ್ನು ಕರ್ನಾಟಕದ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹುಡುಕುವುದು ಕಷ್ಟ.

ಅಂದು ಅದರ ವ್ಯಾಪ್ತಿ ಶಿವಮೊಗ್ಗ, ಚಿಕ್ಕಮಗಳೂರು, ಚಿತ್ರದುರ್ಗದವರೆಗೆ ಹಬ್ಬಿತ್ತು. ದಾವಣಗೆರೆ 1997ರಲ್ಲಿ ಜಿಲ್ಲೆಯಾಗುವ ಮೊದಲೇ ಆ ಊರಿನ ಸ್ನಾತಕೋತ್ತರ ಕೇಂದ್ರವೂ ಇದರ ಅಡಿಯಲ್ಲಿತ್ತು. ಕಲೆ, ವಿಜ್ಞಾನ, ವಾಣಿಜ್ಯ ಮಾತ್ರವಲ್ಲ, ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು ಕಾಲೇಜುಗಳ ಪದವಿಯೂ ಇಲ್ಲಿಂದಲೇ ಸಿಗುತ್ತಿತ್ತು.

ಆಮೇಲಿನ ಕಥೆ ಕಳಚುವಿಕೆಯದು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದು ವೈದ್ಯಕೀಯ ಕಾಲೇಜುಗಳು ಹೋದವು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದು ಎಂಜಿನಿಯರಿಂಗ್ ಹೋಯಿತು. 2009ರಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಕಾನೂನು ಕಾಲೇಜುಗಳು ಸೇರಿದವು. ಅದೇ ವರ್ಷ ದಾವಣಗೆರೆ ವಿಶ್ವವಿದ್ಯಾಲಯ ಹುಟ್ಟಿತು, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳು ಅದರ ಪಾಲಾಗಿ ಕೈಬಿಟ್ಟವು. 2012ರಲ್ಲಿ ಶಿವಮೊಗ್ಗಕ್ಕೇ ಪ್ರತ್ಯೇಕವಾದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದಿತು. ಒಂದೊಂದು ತೀರ್ಮಾನಕ್ಕೂ ಅದರದೇ ಸಮರ್ಥನೆ ಇದ್ದಿರಬಹುದು. ಆದರೆ ಒಟ್ಟು ಪರಿಣಾಮವೆಂದರೆ ಶಂಕರಘಟ್ಟದ ಪಾಲಿಗೆ ಉಳಿದದ್ದು ಎರಡು ಜಿಲ್ಲೆ, ಮತ್ತು ಮುಖ್ಯವಾಗಿ ಕಲೆ, ವಿಜ್ಞಾನ, ವಾಣಿಜ್ಯ, ಶಿಕ್ಷಣ ವಿಷಯಗಳ ಪದವಿ ಕಾಲೇಜುಗಳು.

ಇದು ಗೌರವದ ಪ್ರಶ್ನೆಯಷ್ಟೇ ಆಗಿದ್ದರೆ ಬಿಡಬಹುದಿತ್ತು. ಸಂಯೋಜನಾ ಶುಲ್ಕ, ಪರೀಕ್ಷಾ ಶುಲ್ಕಗಳು ರಾಜ್ಯದ ವಿಶ್ವವಿದ್ಯಾಲಯಗಳ ಆಂತರಿಕ ಸಂಪನ್ಮೂಲದ ಬೆನ್ನೆಲುಬು. ಕಾಲೇಜು ಹೋದರೆ ಶುಲ್ಕವೂ ಹೋಗುತ್ತದೆ, ಸಿಬ್ಬಂದಿಯ ವೆಚ್ಚ ಮಾತ್ರ ಉಳಿಯುತ್ತದೆ. ದೂರಶಿಕ್ಷಣ ಒಂದಷ್ಟು ಕಾಲ ಈ ಕೊರತೆಯನ್ನು ತುಂಬಿತು. ಕುವೆಂಪು ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರಗಳು ದೆಹಲಿಯಂಥ ದೂರದ ನಗರಗಳಲ್ಲಿಯೂ ತೆರೆದಿದ್ದವು. ಭದ್ರಾ ನದಿಯನ್ನು ಕಂಡೇ ಇರದ ಎಷ್ಟೋ ಮಂದಿ ಶಂಕರಘಟ್ಟದ ಪದವೀಧರರಾದರು. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2013ರಲ್ಲಿ ಭೌಗೋಳಿಕ ವ್ಯಾಪ್ತಿಯ ನಿಯಮವನ್ನು ಬಿಗಿಗೊಳಿಸಿದಾಗ ಆ ದಾರಿಯೂ ಕಿರಿದಾಯಿತು.

ಇಲ್ಲೊಂದು ಪಾಠವಿದೆ. ದೂರದ ನಗರಗಳಲ್ಲಿ ಕೇಂದ್ರ ತೆರೆಯುವುದು ಧ್ಯೇಯದಿಂದ ಹುಟ್ಟಿದ ಕೆಲಸವೋ, ಹಣದ ಅಗತ್ಯದಿಂದ ಹುಟ್ಟಿದ ಕೆಲಸವೋ? ಎರಡನೆಯದಾದರೂ ತಪ್ಪೇನಿಲ್ಲ, ಸಂಬಳ ಕೊಡಬೇಕಲ್ಲ. ಆದರೆ ಬರೆದ ಯೋಜನೆ ಇದ್ದಿದ್ದರೆ ಆ ಆದಾಯ ನಿಂತ ದಿನ ಮುಂದೇನು ಎಂಬ ಪ್ರಶ್ನೆಗೂ ಅದರಲ್ಲಿ ಒಂದು ಪುಟ ಮೀಸಲಿರಬೇಕು. ಕಾರ್ಯತಂತ್ರ ಯೋಜನೆಯ ಅರ್ಧ ಪ್ರಯೋಜನ ಈ ಬಗೆಯ ಅಹಿತಕರ ಪ್ರಶ್ನೆಗಳನ್ನು ಮುಂಚಿತವಾಗಿ ಕೇಳಿಕೊಳ್ಳುವುದರಲ್ಲಿದೆ.

ಭದ್ರಾವತಿ ಕಲಿಸಿದ್ದು

ಯೋಜನೆ ಎಂಬ ಪದ ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಇಲ್ಲಿನ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದರ ಲೆಕ್ಕಾಚಾರ ನಿಂತಿದ್ದು ಮೂರು ಸ್ಥಳೀಯ ವಸ್ತುಗಳ ಮೇಲೆ: ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ನಷ್ಟದ ಆ ಆರಂಭದ ವರ್ಷಗಳಲ್ಲಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದ್ದವರು ವಿಶ್ವೇಶ್ವರಯ್ಯನವರು. 1934ರಲ್ಲಿ ಭಾರತಕ್ಕೊಂದು ಯೋಜಿತ ಆರ್ಥಿಕತೆಯನ್ನು ಪ್ರತಿಪಾದಿಸುವ ಗ್ರಂಥ ಬರೆದವರೂ ಅವರೇ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಬಂದದ್ದೂ ಇದೇ ತರ್ಕದಿಂದ, ಬಿದಿರು ಮತ್ತು ನೀರನ್ನು ನೆಚ್ಚಿಕೊಂಡು.

ಎರಡೂ ಕಾರ್ಖಾನೆಗಳು ದಶಕಗಳ ಕಾಲ ಊರನ್ನು ಸಾಕಿದವು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರೊಂದಿಗೆ ವಿಲೀನವಾಯಿತು. ಸ್ವಂತ ಅದಿರು ಗಣಿಯಿಲ್ಲದ ಕೊರತೆ ಅದನ್ನು ಕೊನೆಯವರೆಗೂ ಕಾಡಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು. ಕಾಗದ ಕಾರ್ಖಾನೆಯ ಯಂತ್ರಗಳು 2015ರ ವೇಳೆಗೇ ನಿಂತಿದ್ದವು. ಮೂಲ ಯೋಜನೆ ಕೆಟ್ಟದ್ದಾಗಿತ್ತೆಂದು ಯಾರೂ ಹೇಳಲಾರರು. ಯಾವ ಆಧಾರಗಳ ಮೇಲೆ ಯೋಜನೆ ನಿಂತಿತ್ತೋ ಅವು ಒಂದೊಂದಾಗಿ ಸರಿದಾಗ ಅದನ್ನು ಹೊಸದಾಗಿ ಬರೆಯುವ ಅಧಿಕಾರವೂ ಹಣವೂ ಊರಿನಲ್ಲಿ ಇರಲಿಲ್ಲ, ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದವು.

ಕಾರ್ಖಾನೆಗೂ ವಿಶ್ವವಿದ್ಯಾಲಯಕ್ಕೂ ಹೋಲಿಕೆ ಪೂರ್ತಿ ಸಲ್ಲದು ಎಂಬುದು ನಿಜ. ಆದರೂ ಭದ್ರಾವತಿಯ ನಿವೃತ್ತ ಕಾರ್ಮಿಕರೊಬ್ಬರ ಮೊಮ್ಮಗಳು ಇಂದು ಶಂಕರಘಟ್ಟದ ಬಸ್ಸು ಹತ್ತಿದರೆ, ಆಕೆಯ ಮನೆಯ ಪಾಲಿಗೆ ಉಳಿದಿರುವ ದೊಡ್ಡ ಸಾರ್ವಜನಿಕ ಸಂಸ್ಥೆ ಅದೊಂದೇ ಆಗಿರಬಹುದು. ಧ್ಯೇಯವಾಕ್ಯದಲ್ಲಿ ಬರುವ ‘ಯಾರಿಗಾಗಿ’ ಎಂಬ ಪದಕ್ಕೆ ಆಕೆಯ ಮುಖ ಇದೆ.

ನ್ಯಾಕ್ ಕೇಳುವುದೇನು?

1994ರಲ್ಲಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯೊಂದಿಗೆ ಸ್ಥಾಪನೆಯಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್, ಧ್ಯೇಯ ಮತ್ತು ಯೋಜನೆಗಳನ್ನು ಆಡಳಿತದ ಮಾತಿಗೆ ತಂದ ಮುಖ್ಯ ಕಾರಣ. 2017ರಲ್ಲಿ ಪರಿಷ್ಕರಿಸಿದ ಚೌಕಟ್ಟಿನಲ್ಲಿ ಏಳು ಮಾನದಂಡಗಳಿದ್ದವು. ಆರನೆಯದು ಆಡಳಿತ, ನಾಯಕತ್ವ ಮತ್ತು ನಿರ್ವಹಣೆ. ವಿಶ್ವವಿದ್ಯಾಲಯಗಳಿಗೆ ಒಟ್ಟು 1000 ಅಂಕಗಳಲ್ಲಿ ಇದಕ್ಕೆ 100 ಮೀಸಲು. ಸಂಸ್ಥೆಯ ದರ್ಶನಕ್ಕೂ ಅದರ ಆಡಳಿತಕ್ಕೂ ಹೊಂದಿಕೆ ಇದೆಯೇ, ಕಾರ್ಯತಂತ್ರ ಯೋಜನೆ ಕಾಗದದಲ್ಲಿಯೇ ಉಳಿದಿದೆಯೇ ಅಥವಾ ಜಾರಿಗೆ ಬಂದಿದೆಯೇ ಎಂಬ ಪ್ರಶ್ನೆಗಳು ಅಲ್ಲಿದ್ದವು. ಏಳನೆಯ ಮಾನದಂಡದಲ್ಲಿ ಸಂಸ್ಥೆಯ ವೈಶಿಷ್ಟ್ಯವೇನೆಂದು ವಿವರಿಸಬೇಕಿತ್ತು.

ಒಳ್ಳೆಯ ಪ್ರಶ್ನೆಗಳೇ. ಆದರೆ ಅಂಕಕ್ಕಾಗಿ ಬರೆದ ಉತ್ತರ ಪರೀಕ್ಷೆ ಮುಗಿದ ಮೇಲೆ ಮರೆತುಹೋಗುತ್ತದೆ ಎಂಬುದು ವಿದ್ಯಾರ್ಥಿಗಳಷ್ಟೇ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವ ಸತ್ಯ. ತಂಡ ಬಂದು ಹೋದ ಮೇಲೆ ಕಡತ ಕಪಾಟು ಸೇರುತ್ತದೆ, ಮತ್ತೆ ತೆರೆಯುವುದು ಮುಂದಿನ ಸುತ್ತಿಗೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯೂ ‘ಸಾಂಸ್ಥಿಕ ಅಭಿವೃದ್ಧಿ ಯೋಜನೆ’ಯನ್ನು ಹೊಂದಿರಬೇಕೆಂದಿತು. ಆಡಳಿತ ಮಂಡಳಿ, ಅಧ್ಯಾಪಕರು, ವಿದ್ಯಾರ್ಥಿಗಳು, ಸಿಬ್ಬಂದಿ ಕೂಡಿ ಅದನ್ನು ರೂಪಿಸಬೇಕೆಂಬುದು ಅದರ ಆಶಯ. 2024ರಲ್ಲಿ ಧನಸಹಾಯ ಆಯೋಗ ಇದಕ್ಕಾಗಿ ಮಾರ್ಗಸೂಚಿಯನ್ನೂ ಹೊರಡಿಸಿತು. ಈ ನಡುವೆ ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಜಾರಿಗೆ ತಂದು, ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಬಳಿಕ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಆಯೋಗದ ಅಂತಿಮ ವರದಿ 2025ರ ಆಗಸ್ಟಿನಲ್ಲಿ ಸಲ್ಲಿಕೆಯಾಯಿತು. ನಾಲ್ಕು ವರ್ಷಗಳ ಅವಧಿಯಲ್ಲಿ ಪಠ್ಯಕ್ರಮದ ಚೌಕಟ್ಟೇ ಎರಡು ಬಾರಿ ಬದಲಾದರೆ, ಹತ್ತು ವರ್ಷದ ಯೋಜನೆ ಬರೆಯುವವರ ಪಾಡೇನು?

ಬರೆಯುವುದು ಹೇಗೆ?

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅಡಿಯಲ್ಲಿ ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಹಣಕಾಸು ಸಮಿತಿಗಳ ಜೊತೆಗೆ ಯೋಜನೆ, ಉಸ್ತುವಾರಿ ಮತ್ತು ಮೌಲ್ಯಮಾಪನಕ್ಕೆಂದೇ ಒಂದು ಮಂಡಳಿ ಇದೆ. ಆದ್ದರಿಂದ ಹೊಸ ಸಮಿತಿ ಹುಟ್ಟಿಸುವ ಅಗತ್ಯವಿಲ್ಲ. ಇರುವ ಮಂಡಳಿಯ ಮುಂದೆ ಸರಿಯಾದ ಕಾಗದ ಬರಬೇಕು, ಅಷ್ಟೆ.

ಆ ಕಾಗದ ಆರಂಭವಾಗಬೇಕಾದದ್ದು ಆಶಯದಿಂದಲ್ಲ, ಲೆಕ್ಕದಿಂದ. ಕಳೆದ ಹತ್ತು ವರ್ಷಗಳಲ್ಲಿ ಯಾವ ವಿಭಾಗಕ್ಕೆ ಎಷ್ಟು ಅರ್ಜಿ ಬಂದಿದೆ, ಎಷ್ಟು ಮಂದಿ ಸೇರಿ ಎಷ್ಟು ಮಂದಿ ಬಿಟ್ಟರು, ಮಂಜೂರಾದ ಹುದ್ದೆಗಳಲ್ಲಿ ಎಷ್ಟು ಖಾಲಿ, ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಎಷ್ಟು ಭಾರ, ಮುಂದಿನ ಐದು ವರ್ಷಗಳಲ್ಲಿ ಯಾರು ನಿವೃತ್ತರಾಗುತ್ತಾರೆ, ಪಿಂಚಣಿಗೆ ಎಷ್ಟು ಬೇಕು. ಈ ಅಂಕಿಗಳೆಲ್ಲ ಕುಲಸಚಿವರ ಮತ್ತು ಹಣಕಾಸು ಅಧಿಕಾರಿಯ ಕಚೇರಿಯಲ್ಲಿಯೇ ಇರುತ್ತವೆ. ಒಂದೇ ಹಾಳೆಯ ಮೇಲೆ ಕೂಡುವುದು ಮಾತ್ರ ಅಪರೂಪ.

ಎರಡನೆಯ ಹಂತ ಕೇಳಿಸಿಕೊಳ್ಳುವುದು. ಕೇಳಬೇಕಾದವರು ಆವರಣದೊಳಗೆ ಮಾತ್ರ ಇಲ್ಲ. ಶಿವಮೊಗ್ಗ ನಗರದ ಸಹ್ಯಾದ್ರಿ ಕಾಲೇಜುಗಳು ವಿಶ್ವವಿದ್ಯಾಲಯದ ಘಟಕ ಕಾಲೇಜುಗಳು. ವಿಶ್ವವಿದ್ಯಾಲಯಕ್ಕಿಂತ ದಶಕಗಳಷ್ಟು ಹಿರಿಯವು ಕೂಡ. ನಗರದ ಜನರ ಕಣ್ಣಿಗೆ ವಿಶ್ವವಿದ್ಯಾಲಯವೆಂದರೆ ಅವೇ. ಕಡೂರಿನಲ್ಲಿ ಸ್ನಾತಕೋತ್ತರ ಕೇಂದ್ರವಿದೆ. ಸೊರಬ, ಹೊಸನಗರ, ಕೊಪ್ಪ, ಶೃಂಗೇರಿಗಳ ಸರ್ಕಾರಿ ಪದವಿ ಕಾಲೇಜುಗಳಿವೆ. ಜಿಲ್ಲೆಯ ವಾಯವ್ಯ ತುದಿಯ ಸೊರಬದ ವಿದ್ಯಾರ್ಥಿನಿಗೆ ಶಂಕರಘಟ್ಟ ಮನೆಯಿಂದ ಹೋಗಿಬರುವ ದೂರವಲ್ಲ. ಆಕೆ ಸ್ನಾತಕೋತ್ತರ ಪದವಿಗೆ ಸೇರುವುದೂ ಬಿಡುವುದೂ ಹಾಸ್ಟೆಲಿನ ಒಂದು ಮಂಚವನ್ನು ಅವಲಂಬಿಸಿದೆ. ಧ್ಯೇಯವಾಕ್ಯದಲ್ಲಿ ‘ಗ್ರಾಮೀಣ ವಿದ್ಯಾರ್ಥಿಗಳ ಸಬಲೀಕರಣ’ ಎಂದು ಬರೆದು, ಯೋಜನೆಯಲ್ಲಿ ಹಾಸ್ಟೆಲಿಗೂ ಬಸ್ಸಿಗೂ ಜಾಗ ಕೊಡದಿದ್ದರೆ ಆ ವಾಕ್ಯ ಸುಳ್ಳಾಗುತ್ತದೆ.

ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು: ಆಯ್ಕೆ. ಎಲ್ಲ ವಿಷಯಗಳಲ್ಲಿಯೂ ಶ್ರೇಷ್ಠತೆ ಎಂದು ಬರೆದುಕೊಂಡ ಸಂಸ್ಥೆ ಯಾವ ವಿಷಯಕ್ಕೂ ಆದ್ಯತೆ ಕೊಟ್ಟಂತಾಗುವುದಿಲ್ಲ. ಶಂಕರಘಟ್ಟದ ವಿಭಾಗಗಳ ಹೆಸರುಗಳಲ್ಲಿಯೇ ಹಿಂದಿನವರು ಮಾಡಿದ್ದ ಆಯ್ಕೆಯ ಸುಳಿವು ಇದೆ. ಔದ್ಯೋಗಿಕ ರಸಾಯನಶಾಸ್ತ್ರ, ಅನ್ವಯಿಕ ಭೂವಿಜ್ಞಾನ, ಪರಿಸರ ವಿಜ್ಞಾನ, ವನ್ಯಜೀವಿ ನಿರ್ವಹಣೆ. ಒಂದು ಕಡೆ ಭದ್ರಾವತಿಯ ಕುಲುಮೆ, ಇನ್ನೊಂದು ಕಡೆ ಭದ್ರಾ ಅಭಯಾರಣ್ಯ. ಈ ಎರಡರ ನಡುವೆ ನಿಂತು ಯೋಚಿಸಿದವರು ಇಟ್ಟ ಹೆಸರುಗಳಂತೆ ಅವು ಕಾಣುತ್ತವೆ. ಕನ್ನಡ ವಿಭಾಗ ‘ಕನ್ನಡ ಭಾರತಿ’ ಎಂಬ ಹೆಸರಿನಲ್ಲಿಯೇ ನಾಡಿನಲ್ಲಿ ಪರಿಚಿತ. ಬರೆಯದೆ ಉಳಿದ ಒಂದು ಧ್ಯೇಯ ಅಲ್ಲಿ ಆಗಲೇ ಇದೆ.

ಇದೇ ನೆಲ ಒಡ್ಡುವ ಪ್ರಶ್ನೆಗಳಿಗೆ ಬರವಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಬೇಸಿಗೆ ಬಂತೆಂದರೆ ಇಂದಿಗೂ ಮಲೆನಾಡಿನ ಮನೆಗಳಲ್ಲಿ ಭಯ ಹುಟ್ಟಿಸುತ್ತದೆ. ಉಣ್ಣೆ, ಮಂಗ, ಕಾಡು, ದನ, ಮನುಷ್ಯ ಎಲ್ಲರೂ ಸೇರಿದ ಈ ರೋಗವನ್ನು ಪ್ರಾಣಿಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರಗಳು ಒಟ್ಟಾಗಿ ನೋಡಬೇಕಾಗುತ್ತದೆ. ಅಡಿಕೆಯ ಎಲೆಚುಕ್ಕಿ ರೋಗ ತೋಟಗಳನ್ನು ಹಾಳುಗೆಡವುತ್ತಿದೆ. ರೋಗದ ಸಂಶೋಧನೆ ಕೃಷಿ ವಿಶ್ವವಿದ್ಯಾಲಯದ ಕೆಲಸವೇ ಇರಬಹುದು, ಆದರೆ ಒಂದೇ ಬೆಳೆಯನ್ನು ನೆಚ್ಚಿದ ಕುಟುಂಬದ ಸಾಲವನ್ನು ಅಧ್ಯಯನ ಮಾಡುವವರಾರು? ಶರಾವತಿ ಮುಳುಗಡೆಯ ಸಂತ್ರಸ್ತರ ಹಕ್ಕುಪತ್ರದ ಹೋರಾಟ ಮೂರನೆಯ ತಲೆಮಾರಿಗೆ ದಾಟಿದೆ. ಇಂಥ ಎರಡು ಮೂರು ವಿಷಯಗಳನ್ನು ಆರಿಸಿ, ಹತ್ತು ವರ್ಷ ಅವುಗಳಿಗೆ ಅಂಟಿಕೊಂಡರೆ ಮಲೆನಾಡಿನ ಬಗ್ಗೆ ತಿಳಿಯಬೇಕಾದವರು ಶಂಕರಘಟ್ಟಕ್ಕೆ ಬರಲೇಬೇಕಾದ ದಿನ ಬರುತ್ತದೆ. ನ್ಯಾಕ್ ಕೇಳುವ ‘ವೈಶಿಷ್ಟ್ಯ’ಕ್ಕೂ ಬೇರೆ ಉತ್ತರ ಹುಡುಕಬೇಕಾಗಿಲ್ಲ.

ಕೈಯಲ್ಲಿರುವುದು, ಇಲ್ಲದಿರುವುದು

ಯೋಜನೆಗೆ ದಿನಾಂಕ ಮತ್ತು ಹೊಣೆಗಾರರ ಪದನಾಮ ಇಲ್ಲದಿದ್ದರೆ ಅದು ಭಾಷಣವಾಗುತ್ತದೆ. ಆದರೆ ದಿನಾಂಕ ಹಾಕುವ ಕುಲಪತಿಯ ಅವಧಿಯೇ ನಾಲ್ಕು ವರ್ಷ. ಕುಲಸಚಿವರ ನೇಮಕ ಸರ್ಕಾರದ್ದು, ವರ್ಗಾವಣೆಯೂ ಸರ್ಕಾರದ್ದು. ಖಾಲಿ ಹುದ್ದೆ ತುಂಬಬೇಕಾದರೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ನಿವೃತ್ತರ ಪಿಂಚಣಿಯ ಭಾರದಿಂದ ರಾಜ್ಯದ ಹಳೆಯ ವಿಶ್ವವಿದ್ಯಾಲಯಗಳು ಏದುಸಿರು ಬಿಡುತ್ತಿವೆ. 2022ರ ನಂತರ ತೆರೆದ ಹೊಸ ವಿಶ್ವವಿದ್ಯಾಲಯಗಳ ಪಾಡು ಇನ್ನೂ ಕಷ್ಟದ್ದು. ಹಣ, ಭೂಮಿ, ಸಿಬ್ಬಂದಿಯ ಕೊರತೆ ಎಷ್ಟಿತ್ತೆಂದರೆ 2025ರ ಆರಂಭದಲ್ಲಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ವಿಲೀನಗೊಳಿಸುವ ವಿಚಾರ ಸಚಿವ ಸಂಪುಟದ ಉಪಸಮಿತಿಯ ಮುಂದೆ ಬಂದಿತು. ಘೋಷಣೆ ಮೊದಲು, ಯೋಜನೆ ಆಮೇಲೆ ಎಂಬ ಕ್ರಮದ ಫಲ ಅದು.

ಆದ್ದರಿಂದ ಪ್ರಾಮಾಣಿಕವಾದ ಯೋಜನೆಯಲ್ಲಿ ಎರಡು ಭಾಗಗಳಿರಬೇಕಾಗುತ್ತದೆ: ವಿಶ್ವವಿದ್ಯಾಲಯ ತನ್ನ ಕೈಯಿಂದಲೇ ಮಾಡಬಹುದಾದದ್ದು, ಸರ್ಕಾರ ಒಪ್ಪಿದರೆ ಮಾತ್ರ ಆಗುವಂಥದ್ದು. ಪರೀಕ್ಷಾ ಫಲಿತಾಂಶವನ್ನು ಹೇಳಿದ ದಿನಕ್ಕೆ ಪ್ರಕಟಿಸುವುದು, ಅಂಕಪಟ್ಟಿಗಾಗಿ ವಿದ್ಯಾರ್ಥಿ ಶಂಕರಘಟ್ಟಕ್ಕೆ ಮೂರು ಬಾರಿ ಅಲೆಯದಂತೆ ನೋಡಿಕೊಳ್ಳುವುದು, ಗ್ರಂಥಾಲಯದ ಸಮಯ ವಿಸ್ತರಿಸುವುದು, ಸಂಯೋಜಿತ ಕಾಲೇಜುಗಳ ಅಧ್ಯಾಪಕರಿಗೆ ರಜೆಯಲ್ಲಿ ತರಬೇತಿ ನೀಡುವುದು ಮೊದಲ ಭಾಗಕ್ಕೆ ಸೇರಿದವು. ಇವಕ್ಕೆ ಬೆಂಗಳೂರಿನ ಅಪ್ಪಣೆ ಬೇಡ. ಹುದ್ದೆ, ಅನುದಾನ, ಪಿಂಚಣಿ ಎರಡನೆಯ ಭಾಗದವು. ಎರಡನ್ನೂ ಬೆರೆಸಿ ಬರೆದರೆ, ಸರ್ಕಾರ ಹಣ ಕೊಡಲಿಲ್ಲ ಎಂಬ ಒಂದೇ ಕಾರಣದ ಹಿಂದೆ ತನ್ನಿಂದಾಗಬಹುದಾದ ಕೆಲಸವೂ ಅಡಗಿ ಕುಳಿತುಕೊಳ್ಳುತ್ತದೆ.

ಕುಲಪತಿ ಬದಲಾದರೂ ಯೋಜನೆ ಬದಲಾಗದಿರಲು ಇರುವ ದಾರಿ ಒಂದೇ. ಅದನ್ನು ಸಿಂಡಿಕೇಟ್ ಮತ್ತು ವಿದ್ಯಾವಿಷಯಕ ಪರಿಷತ್ತಿನಲ್ಲಿ ಅಂಗೀಕರಿಸಿ, ಪ್ರತಿ ವರ್ಷದ ಆಯವ್ಯಯದಲ್ಲಿ ಯೋಜನೆಯ ಯಾವ ಅಂಶಕ್ಕೆ ಎಷ್ಟು ಹಣ ಎಂದು ಎದುರುಬದುರಾಗಿ ಮುದ್ರಿಸಬೇಕು. ವಾರ್ಷಿಕ ವರದಿಯಲ್ಲಿ ಆದದ್ದನ್ನೂ ಆಗದ್ದನ್ನೂ ಅದೇ ಕ್ರಮದಲ್ಲಿ ಹೇಳಬೇಕು. ಅದು ಕನ್ನಡದಲ್ಲಿ ಇರಬೇಕೆಂಬುದನ್ನು ಕುವೆಂಪು ಅವರ ಹೆಸರಿನ ವಿಶ್ವವಿದ್ಯಾಲಯಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಮುದ್ರಿಸಿದ ನಾಲ್ಕು ಪುಟಗಳನ್ನು ಸೊರಬದ, ಕಡೂರಿನ, ಭದ್ರಾವತಿಯ ಕಾಲೇಜುಗಳ ಸೂಚನಾ ಫಲಕದಲ್ಲಿ, ಆ ಎರಡು ಹಳೆಯ ಫಲಕಗಳ ಪಕ್ಕದಲ್ಲಿಯೇ ಅಂಟಿಸಲು ಹೆಚ್ಚು ಖರ್ಚಾಗದು.